ಕೋಚ್ ಮುಂದೆ ಪೋಷಕರೇಕೆ ಬಾಯಿ ಬಿಡುವುದಿಲ್ಲ?

ಮಗಳನ್ನು ಜಿಮ್ನಾಸ್ಟಿಕ್ಸ್ ತರಬೇತಿಗೆ ಸೇರಿಸಿದ ಪೋಷಕರಿಗೆ ಕೋಚ್ ಮೇಲೆ ಬೇಸರ ಬರುವುದು ಹೊಸತೇನಲ್ಲ. ಬೇಸರದ ಕಾರಣಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಜೊತೆಗೆ ಸೇರಿದ ಮಕ್ಕಳು ಮುಂದಿನ ಬ್ಯಾಚಿಗೆ ಹೋದರು, ನಮ್ಮ ಮಗು ಅಲ್ಲೇ ಉಳಿಯಿತು, ಏಕೆಂದು ಕೇಳಿದರೆ ಉತ್ತರವಿಲ್ಲ. ಮಣಿಕಟ್ಟು ನೋಯುತ್ತಿದೆ ಎಂದರೆ ‘ನಾಟಕ ಆಡ್ತಾಳೆ’ ಎಂಬ ಮಾತು. ಎಲ್ಲರ ಎದುರು ‘ದಪ್ಪಗಾಗಿದ್ದೀಯ’ ಎಂಬ ಟೀಕೆ. ತರಬೇತಿ ಮುಗಿಯುವವರೆಗೆ ಅಪ್ಪ ಅಮ್ಮ ಗೇಟಿನ ಆಚೆ. ಇವುಗಳಲ್ಲಿ ಯಾವುದೂ ಪೊಲೀಸ್ ಠಾಣೆಗೆ ಹೋಗುವ ವಿಷಯವಲ್ಲ. ಹಾಗೆಂದು ನುಂಗಿಕೊಂಡಿರುವ ವಿಷಯವೂ ಅಲ್ಲ. ಬೆಂಗಳೂರಿನ ಜಯನಗರದಲ್ಲೋ ವೈಟ್‌ಫೀಲ್ಡ್‌ನಲ್ಲೋ ಇರುವ ಕುಟುಂಬ ಒಂದೆರಡು ತಿಂಗಳು ನೋಡಿ ಬೇರೆ ಅಕಾಡೆಮಿಯ ದಾರಿ ಹಿಡಿಯುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಟೇಕಲ್‌ನಂಥ ಹೋಬಳಿಯ ಕುಟುಂಬಕ್ಕೆ ಆ ದಾರಿ ಇಲ್ಲ. ಅದು ಸುಮ್ಮನಾಗುತ್ತದೆ. ಈ ಮೌನವನ್ನು ಗುರುಭಕ್ತಿ ಎಂದೋ ಹಳ್ಳಿಯವರ ಸಂಕೋಚ ಎಂದೋ ತಿಳಿಯುವವರುಂಟು. ನನಗೆ ಹಾಗೆ ಕಾಣುವುದಿಲ್ಲ. ಅದು ಲೆಕ್ಕ ಹಾಕಿ ತಳೆದ ಮೌನ, ಆ ಲೆಕ್ಕವೂ ಸರಿಯಾಗಿಯೇ ಇದೆ. ತಪ್ಪಿರುವುದು ಅಂಥ ಲೆಕ್ಕ ಹಾಕುವ ಸ್ಥಿತಿಗೆ ಅವರನ್ನು ತಂದು ನಿಲ್ಲಿಸಿದ ವ್ಯವಸ್ಥೆಯಲ್ಲಿ.

ಲೆಕ್ಕ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಟೇಕಲ್ ಕಲ್ಲುಬೆಟ್ಟಗಳ ಊರು. ಕಲ್ಲು ಒಡೆಯುವವರು, ತರಕಾರಿ, ಹೂವು, ಹಾಲಿನಿಂದ ಬದುಕು ಕಟ್ಟಿಕೊಂಡವರು, ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಇಲ್ಲಿನ ಮಕ್ಕಳಿಗೆ ಆಟವೆಂದರೆ ಹೆಚ್ಚಾಗಿ ಹೋಬಳಿ ಮಟ್ಟದ ಕ್ರೀಡಾಕೂಟ: ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್, ಓಟ. ಒಂದು ಬಯಲು, ಒಂದಿಷ್ಟು ಸುಣ್ಣದ ಪುಡಿ, ಒಂದು ಸೀಟಿ ಇದ್ದರೆ ಇವೆಲ್ಲ ನಡೆಯುತ್ತವೆ. ಜಿಮ್ನಾಸ್ಟಿಕ್ಸ್ ಹಾಗಲ್ಲ. ಅದಕ್ಕೆ ಅಡಿಯಲ್ಲಿ ಸ್ಪ್ರಿಂಗ್ ಇರುವ 12 ಮೀಟರ್ ಉದ್ದಗಲದ ನೆಲ ಬೇಕು. 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಬೀಮ್ ಬೇಕು. ವಾಲ್ಟ್ ಟೇಬಲ್, ಬಾರ್‌ಗಳು, ಬಿದ್ದರೆ ಪೆಟ್ಟಾಗದಂತೆ ಫೋಮ್ ತುಂಬಿದ ಗುಂಡಿ, ದಪ್ಪ ಮ್ಯಾಟುಗಳು ಬೇಕು. ಇಷ್ಟನ್ನೂ ಜೋಡಿಸಿಕೊಂಡು, ಅದರ ಪಕ್ಕ ನಿಂತು ಕಲಿಸಬಲ್ಲ ಕೋಚ್ ಸಿಗುವುದು ಅಪರೂಪ. ಹೀಗಾಗಿ ಕಲಿಯುವ ಆಸೆ ಹುಟ್ಟಿದ ಮಗುವಿಗೆ ಕೊನೆಗೂ ಬೆಂಗಳೂರೇ ದಿಕ್ಕು. ರೈಲಿನ ಹೊತ್ತಿಗೆ ಹೊಂದುವ, ಕೈಗೆಟಕುವ ಶುಲ್ಕದ, ಮಗುವನ್ನು ಸೇರಿಸಿಕೊಳ್ಳಲು ಒಪ್ಪಿದ ಕೋಚ್ ಒಬ್ಬರು ಸಿಕ್ಕರೆ ಅದೇ ಪುಣ್ಯ.

ಆ ಒಬ್ಬರ ಕೈಯಲ್ಲಿ ಏನೆಲ್ಲ ಇದೆ ಎಂದು ಲೆಕ್ಕ ಹಾಕಿ. ಯಾವ ಮಗು ಯಾವ ಬ್ಯಾಚಿಗೆ ಎಂಬುದು ಅವರ ಕೈಯಲ್ಲಿ. ಜಿಲ್ಲೆಗೆ, ರಾಜ್ಯಕ್ಕೆ ಯಾರ ಹೆಸರು ಹೋಗಬೇಕೆಂಬುದರಲ್ಲಿ ಅವರ ಮಾತಿಗೆ ತೂಕ. ಸ್ಪರ್ಧೆಯ ಪ್ರಮಾಣಪತ್ರಗಳು ಸಿಗುವುದು ಆ ದಾರಿಯಲ್ಲೇ. ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕ್ರೀಡಾ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕುವಾಗ ಆ ಕಾಗದಕ್ಕೆ ಬೆಲೆ ಬರುತ್ತದೆ. ಇದರ ಎದುರು ಪೋಷಕರ ಕೈಯಲ್ಲಿರುವುದು ಒಂದೇ, ಮಗುವನ್ನು ಬಿಡಿಸಿಕೊಂಡು ಹೋಗುವುದು. ಹಾಗೆ ಮಾಡಿದರೆ ನಷ್ಟ ಕೋಚ್‌ಗಲ್ಲ, ಮಗುವಿಗೆ. ಇಷ್ಟು ಅಸಮವಾದ ಸಂಬಂಧದಲ್ಲಿ ‘ಸರ್, ಅವಳ ಮಣಿಕಟ್ಟು ಯಾಕೆ ಊದಿದೆ?’ ಎಂದು ಕೇಳಲು ಕೂಡ ಧೈರ್ಯ ಬೇಕು. ಹೋಬಳಿಯ ತಾಯಿ ಕೇಳುವುದಿಲ್ಲವೆಂದರೆ ಆಕೆಗೆ ತಿಳಿವಳಿಕೆ ಕಡಿಮೆ ಎಂದು ಅರ್ಥವಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಪೋಷಕರ ಸಣ್ಣಪುಟ್ಟ ಅಸಮಾಧಾನವನ್ನು ಹೇಳಿಕೊಳ್ಳಲು, ಬರೆದಿಡಲು, ಉತ್ತರ ಪಡೆಯಲು ಒಂದು ಜಾಗವಿಲ್ಲದ ಕಡೆ ದೊಡ್ಡ ಅನ್ಯಾಯದ ದೂರೂ ಹೊರಗೆ ಬರುವುದಿಲ್ಲ. ಪೋಷಕರಿಗೆ ಬೇರೆ ಕೋಚ್ ಆಯ್ಕೆ ಇರುವ ಕಡೆ ಆ ಜಾಗ ಇಲ್ಲದಿದ್ದರೂ ಹೇಗೋ ನಡೆದೀತು. ಆಯ್ಕೆಯೇ ಇಲ್ಲದ ಕಡೆ ಅದನ್ನು ನಿಯಮ ಮಾಡಿಯೇ ಕೊಡಬೇಕು. ಕ್ರೀಡಾ ಇಲಾಖೆಯ ಕಡತಗಳಲ್ಲಿ ಮಕ್ಕಳ ರಕ್ಷಣೆ ಎಂದರೆ ಘೋರ ಅಪರಾಧದ ನಂತರದ ಕ್ರಮ ಎಂದೇ ಅರ್ಥ. ಅಪರಾಧಕ್ಕೆ ಹಲವು ವರ್ಷ ಮೊದಲೇ ಬರುವ ಸೂಚನೆಗಳು, ಅಂದರೆ ಪೋಷಕರ ಗೊಣಗಾಟ, ಕೇಳುವವರಿಲ್ಲದೆ ಹೋಗುತ್ತವೆ.

ಇದಕ್ಕೆ ಆಧಾರ ಹೊರದೇಶದ್ದು, ಆದರೆ ಗಟ್ಟಿಯಾದದ್ದು. ಬ್ರಿಟನ್ನಿನಲ್ಲಿ 2020ರಲ್ಲಿ ಹಲವು ಜಿಮ್ನಾಸ್ಟ್‌ಗಳು ತಮ್ಮ ತರಬೇತಿಯ ದಿನಗಳ ಬಗ್ಗೆ ಬಹಿರಂಗವಾಗಿ ಮಾತಾಡಿದ ಮೇಲೆ ಹಿರಿಯ ವಕೀಲೆ ಆ್ಯನ್ ವೈಟ್ ಅವರಿಗೆ ವಿಚಾರಣೆ ಒಪ್ಪಿಸಲಾಯಿತು. 2022ರ ಜೂನ್‌ನಲ್ಲಿ ಬಂದ ಅವರ ವರದಿಗೆ 400ಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಹೇಳಿಕೆಗಳಲ್ಲಿ ಮಾನಸಿಕ ಹಿಂಸೆಯ ಮಾತಿತ್ತು, ಶೇ 40ಕ್ಕೂ ಹೆಚ್ಚು ಹೇಳಿಕೆಗಳಲ್ಲಿ ದೈಹಿಕ ಹಿಂಸೆಯ ಮಾತು. ನೀರು ಕುಡಿಯಲು, ಶೌಚಕ್ಕೆ ಹೋಗಲು ಬಿಡದಿರುವುದು, ತೂಕದ ವಿಷಯದಲ್ಲಿ ಅವಮಾನಿಸುವುದು, ಗಾಯವಿದ್ದರೂ ಅಭ್ಯಾಸ ಮಾಡಿಸುವುದು, ಸ್ಟ್ರೆಚಿಂಗ್ ಹೆಸರಲ್ಲಿ ಮಗುವಿನ ಮೈಮೇಲೆ ಭಾರ ಹಾಕಿ ಕೂರುವುದು, ಇಂಥವೇ. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿದರೆ ಇದರಲ್ಲಿ ಬಹುಪಾಲು ನಮ್ಮ ಪೋಷಕರು ‘ಕೋಚ್ ಸ್ವಲ್ಪ ಸ್ಟ್ರಿಕ್ಟು’ ಎಂದು ಹೇಳಿ ಬಿಟ್ಟುಬಿಡುವ ಸಂಗತಿಗಳೇ. ಬ್ರಿಟನ್ ಬಡ ದೇಶವಲ್ಲ, ಅಲ್ಲಿ ಕೋಚ್‌ಗಳಿಗೆ ಅರ್ಹತಾಪತ್ರವೂ ಇತ್ತು, ಸಂಸ್ಥೆಯೂ ಇತ್ತು. ಇಲ್ಲದಿದ್ದದ್ದು ದೂರುಗಳನ್ನು ಸರಿಯಾಗಿ ಕೇಳಿಸಿಕೊಂಡು ದಾಖಲಿಸುವ ವ್ಯವಸ್ಥೆ. ದೂರು ಕೊಟ್ಟರೆ ಮಗುವಿನ ಭವಿಷ್ಯಕ್ಕೆ ಕಲ್ಲು ಬೀಳುತ್ತದೆಂಬ ಭಯ ಅಲ್ಲಿನ ಮನೆಗಳಲ್ಲೂ ಇತ್ತು. ವರದಿಯ 17 ಶಿಫಾರಸುಗಳ ನಂತರ, 2023ರಲ್ಲಿ ಬ್ರಿಟಿಷ್ ಜಿಮ್ನಾಸ್ಟಿಕ್ಸ್ ಸಂಸ್ಥೆ ಕೋಚ್‌ಗಳು ಮಕ್ಕಳ ತೂಕ ನೋಡುವಂತಿಲ್ಲ, ನೀರಿಗೂ ಶೌಚಕ್ಕೂ ತಡೆ ಒಡ್ಡುವಂತಿಲ್ಲ ಎಂದು ನಿಯಮ ಮಾಡಿತು. ಒಂದು ದೇಶದ ಕ್ರೀಡಾ ಸಂಸ್ಥೆ ಮಗುವಿಗೆ ನೀರು ಕುಡಿಯಲು ಬಿಡಬೇಕೆಂದು ಬರಹದಲ್ಲಿ ಹೇಳಬೇಕಾಯಿತು ಎಂಬುದೇ ಯೋಚಿಸಬೇಕಾದ ವಿಷಯ.

ಅಮೆರಿಕದ ಲ್ಯಾರಿ ನಾಸರ್ ಪ್ರಕರಣ ಎಲ್ಲರಿಗೂ ಗೊತ್ತಿರುವುದು. ರಾಷ್ಟ್ರೀಯ ತಂಡದ ಈ ವೈದ್ಯನಿಗೆ ಲೈಂಗಿಕ ದೌರ್ಜನ್ಯಕ್ಕಾಗಿ 2018ರ ಜನವರಿಯಲ್ಲಿ 40ರಿಂದ 175 ವರ್ಷಗಳ ಜೈಲು ಶಿಕ್ಷೆಯಾದಾಗ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಂದಿ ಎದ್ದು ಮಾತಾಡಿದರು. ಅದರಲ್ಲಿ ನಮ್ಮ ಚರ್ಚೆಗೆ ಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, 1997ರಲ್ಲೇ ಹುಡುಗಿಯರು ಈ ವಿಷಯವನ್ನು ಆತ ಕೆಲಸದಲ್ಲಿದ್ದ ವಿಶ್ವವಿದ್ಯಾಲಯದ ಜಿಮ್ನಾಸ್ಟಿಕ್ಸ್ ಕೋಚ್‌ಗೆ ಹೇಳಿದ್ದಾಗಿ ನಂತರ ಸಾಕ್ಷ್ಯ ನುಡಿದರು. ಪತ್ರಿಕೆಯೊಂದರ ವರದಿಯಿಂದ ಅದು ಜಗತ್ತಿಗೆ ತಿಳಿದದ್ದು 2016ರಲ್ಲಿ. ನಡುವೆ ಸುಮಾರು ಎರಡು ದಶಕ. ಎರಡನೆಯದು ಹೆಚ್ಚು ಕಸಿವಿಸಿ ಮಾಡುವಂಥದ್ದು: ಕೆಲವು ಬಾರಿ ತಂದೆತಾಯಿ ಅದೇ ಕೋಣೆಯಲ್ಲಿದ್ದರು, ಆತ ಅವರ ಕಣ್ಣಿಗೆ ಕಾಣದಂತೆ ಮರೆಯಾಗಿ ನಿಲ್ಲುತ್ತಿದ್ದ. ಪೋಷಕರನ್ನು ಒಳಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು. ನೋಡುವ ಕಣ್ಣಿನ ಜೊತೆ ಕೇಳುವ ಕಿವಿಯೂ ಬೇಕು, ಆ ಕಿವಿ ಅಕಾಡೆಮಿಯಿಂದ ಹೊರಗೆ ಇರಬೇಕು.

ಮಗುವೇ ಹೇಳುತ್ತದಲ್ಲ, ಪೋಷಕರು ಏಕೆ ಎಂದು ಕೇಳಬಹುದು. 2018ರಲ್ಲಿ ಜಪಾನಿನಲ್ಲಿ ನಡೆದದ್ದು ಇದಕ್ಕೆ ಉತ್ತರ. ಒಲಿಂಪಿಕ್ಸ್‌ಗೆ ಹೋಗಿ ಬಂದಿದ್ದ 18ರ ಜಿಮ್ನಾಸ್ಟ್ ಸಾಯೆ ಮಿಯಾಕಾವಾ ಅವರಿಗೆ ಹೊಡೆಯುತ್ತಿದ್ದ ಕಾರಣಕ್ಕೆ ಅವರ ಕೋಚ್ ಮೇಲೆ ಅಲ್ಲಿನ ಸಂಸ್ಥೆ ನಿಷೇಧ ಹೇರಿದಾಗ, ಕೋಚ್ ಪರವಾಗಿ ಪತ್ರಿಕಾಗೋಷ್ಠಿ ಕರೆದು ವಾದಿಸಿದ್ದು ಆ ಹುಡುಗಿಯೇ. 18ರ ಒಲಿಂಪಿಯನ್‌ಗೇ ಹೊಡೆತ ಸಹಜ ಎನಿಸಿದ್ದರೆ ಏಳೆಂಟು ವರ್ಷದ ಮಗುವಿನಿಂದ ಏನು ನಿರೀಕ್ಷಿಸಬಹುದು? ಜಿಮ್ನಾಸ್ಟಿಕ್ಸ್ ಶುರುವಾಗುವುದೇ ಐದಾರನೆಯ ವಯಸ್ಸಿಗೆ. ತನಗೆ ಆಗುತ್ತಿರುವುದು ಕಲಿಕೆಯ ನೋವೋ ಗಾಯದ ನೋವೋ ಎಂದು ಬೇರ್ಪಡಿಸಿ ಹೇಳುವ ಶಕ್ತಿ ಆ ವಯಸ್ಸಿಗಿಲ್ಲ. ಈ ಆಟದಲ್ಲಿ ಕೈಗಳು ಕಾಲಿನ ಕೆಲಸ ಮಾಡುತ್ತವೆ, ಇಡೀ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ; ಅಲ್ಲಿ ಮುಂಗೈ ಮೂಳೆಯ ಬೆಳೆಯುವ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಜಾಗಕ್ಕೆ ಆಗುವ ಹಾನಿಯನ್ನು ವೈದ್ಯರು ಈ ಆಟದ ಹೆಸರಿನಿಂದಲೇ ಗುರುತಿಸುವಷ್ಟು ಅದು ಸಾಮಾನ್ಯ. ಮಗು ಮನೆಯಲ್ಲಿ ಚೊಂಬು ಎತ್ತುವಾಗ ಮುಖ ಕಿವುಚಿದ್ದನ್ನು ಗಮನಿಸುವುದು ತಾಯಿಯೇ ಹೊರತು ಕೋಚ್ ಅಲ್ಲ.

ಇನ್ನು ನಮ್ಮ ಕಾನೂನು. ಘೋರ ಅಪರಾಧಕ್ಕೆ ಕಾನೂನಿನ ಕೊರತೆಯಿಲ್ಲ. 2012ರ ಪೋಕ್ಸೊ ಕಾಯ್ದೆ ಇದೆ, ಗೊತ್ತಿದ್ದೂ ದೂರು ಕೊಡದವರಿಗೆ ಅದರಲ್ಲಿ ಶಿಕ್ಷೆಯೂ ಇದೆ. ತನ್ನ ಸುಪರ್ದಿನಲ್ಲಿರುವ ಮಗುವನ್ನು ಹಿಂಸಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣಗಳನ್ನೂ ಹೆಸರಿಸಿ ಒಳಗೊಂಡಿದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರಬೇಕೆನ್ನುತ್ತದೆ. ಇದು ಎಷ್ಟು ಪೋಷಕರಿಗೆ ಗೊತ್ತಿದೆ ಎಂಬುದು ಬೇರೆ ಮಾತು. ಆದರೆ ಅಪರಾಧವೆನ್ನಲಾಗದ, ಸರಿಯೂ ಅಲ್ಲದ ನಡವಳಿಕೆಯ ವಿಷಯ ಬಂದರೆ ಕಾನೂನಿನ ಬಟ್ಟೆ ಹರಿದಿರುವುದು ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಅದು ಶಾಲೆಗೆ ಮಾತ್ರ. ಖಾಸಗಿ ಕೋಚಿಂಗ್ ಕೇಂದ್ರಗಳಿಗೆ ಲಗಾಮು ಹಾಕಲು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ವ್ಯಾಖ್ಯೆಯಲ್ಲಿ ಕ್ರೀಡೆ, ನೃತ್ಯ, ರಂಗಭೂಮಿಯನ್ನು ಹೊರಗಿಡಲಾಗಿದೆ. ಅಂದರೆ ಮಗುವಿಗೆ ಗಣಿತ ಹೇಳಿಕೊಡುವ ಕೇಂದ್ರಕ್ಕೆ ನೋಂದಣಿ, ಬೋಧಕರ ಅರ್ಹತೆ, ದೂರಿನ ವ್ಯವಸ್ಥೆ ಎಲ್ಲ ಬೇಕು. ಅದೇ ಮಗುವನ್ನು ಗಾಳಿಯಲ್ಲಿ ತಲೆಕೆಳಗಾಗಿ ತಿರುಗಿಸುವ ಕೇಂದ್ರಕ್ಕೆ ಬೇಡ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ, ಕೋಚ್‌ಗಳಿಗೆ ಡಿಪ್ಲೊಮಾ ಕೊಡುತ್ತದೆ. ಆದರೆ ಆ ಡಿಪ್ಲೊಮಾ ಇಲ್ಲದವರು ನಾಳೆ ಬೆಳಿಗ್ಗೆ ಅಕಾಡೆಮಿಯ ಬೋರ್ಡು ಹಾಕಿದರೆ ತಡೆಯುವವರು ಯಾರೂ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಹಿಳೆಯರು ಮತ್ತು ಅಪ್ರಾಪ್ತ ಕ್ರೀಡಾಪಟುಗಳಿಗಾಗಿ ಸುರಕ್ಷಿತ ಕ್ರೀಡಾ ನೀತಿಯ ಮಾತಿದೆ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ವಿರುದ್ಧ ಧರಣಿ ಕೂರದೇ ಹೋಗಿದ್ದರೆ ಈ ಮಾತು ಕಾಯ್ದೆಗೆ ಬರುತ್ತಿತ್ತೇ ಎಂಬುದು ನನ್ನ ಅನುಮಾನ. ಇರಲಿ, ಸ್ವಾಗತಿಸೋಣ. ಆದರೆ ಕಾಯ್ದೆಯ ಹಿಡಿತ ಮುಖ್ಯವಾಗಿ ರಾಷ್ಟ್ರೀಯ ಫೆಡರೇಷನ್‌ಗಳ ಮೇಲೆ. ಒಳಜಗಳದಿಂದ ವರ್ಷಗಟ್ಟಲೆ ಸರ್ಕಾರದ ಮಾನ್ಯತೆಯನ್ನೇ ಕಳೆದುಕೊಂಡು ಕೂತಿದ್ದ ಜಿಮ್ನಾಸ್ಟಿಕ್ಸ್ ಫೆಡರೇಷನ್ನಿನಿಂದ ಹೊರಟ ನೀತಿ ರಾಜ್ಯ ಸಂಸ್ಥೆ, ಜಿಲ್ಲಾ ಸಂಸ್ಥೆ ದಾಟಿ ಯಾವುದೋ ಶೆಡ್ಡಿನಲ್ಲಿ ನಡೆಯುವ ಖಾಸಗಿ ತರಗತಿಯನ್ನು ತಲುಪುವ ಹೊತ್ತಿಗೆ ಇವತ್ತಿನ ಮಗು ಆಟ ಬಿಟ್ಟಿರುತ್ತದೆ.

ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಬಲವಾದದ್ದು ಪದಕದ ಆಕ್ಷೇಪ: ಕೋಚ್ ಕಠಿಣವಾಗಿರದಿದ್ದರೆ ಈ ಆಟದಲ್ಲಿ ಯಾರೂ ಮೇಲೆ ಬರುವುದಿಲ್ಲ, ಪೋಷಕರಿಗೆ ಬಾಯಿ ಕೊಟ್ಟರೆ ಎಲ್ಲ ಕೆಡುತ್ತದೆ. ಈ ವಾದ ಮಾಡುವವರು ದೀಪಾ ಕರ್ಮಾಕರ್ ಅವರನ್ನು ಉದಾಹರಿಸುತ್ತಾರೆ. ನಾನೂ ಅವರನ್ನೇ ಉದಾಹರಿಸುತ್ತೇನೆ. ಅಗರ್ತಲಾದ ಈ ಹುಡುಗಿ 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು, ಕಂಚು ತಪ್ಪಿದ್ದು 0.150 ಅಂಕದಿಂದ. ಚಪ್ಪಟೆ ಪಾದದ ಮಗುವನ್ನು ಅಲ್ಲಿಯವರೆಗೆ ಕರೆದೊಯ್ದ ಬಿಶ್ವೇಶ್ವರ ನಂದಿ ಬಿಗಿಯಾದ ಕೋಚ್, ಅದರಲ್ಲಿ ಅನುಮಾನವಿಲ್ಲ. ಫೈನಲ್‌ಗೆ ಮುಂಚೆ ಹುಟ್ಟುಹಬ್ಬ ಬಂದಾಗಲೂ ದೀಪಾ ಅವರ ಮೊಬೈಲಿನ ಸಿಮ್ ತೆಗೆದಿಟ್ಟಿದ್ದರೆಂದು ಆಗ ಸುದ್ದಿಯಾಗಿತ್ತು. ಆದರೆ ಅದೇ ಸುದ್ದಿಯಲ್ಲಿ ಇನ್ನೊಂದು ಮಾತಿತ್ತು: ಮಾತಾಡಲು ಅವಕಾಶವಿದ್ದದ್ದು ತಂದೆತಾಯಿಗೆ ಮಾತ್ರ. ಎಲ್ಲ ಬಾಗಿಲು ಮುಚ್ಚಿದ ಕೋಚ್ ಮುಚ್ಚದೆ ಬಿಟ್ಟ ಬಾಗಿಲು ಪೋಷಕರದ್ದು. ದೀಪಾ ಅವರ ತಂದೆ ಸ್ವತಃ ಭಾರತೀಯ ಕ್ರೀಡಾ ಪ್ರಾಧಿಕಾರದ ಭಾರ ಎತ್ತುವಿಕೆ ಕೋಚ್ ಆಗಿದ್ದವರು. ಮೈ ಎಲ್ಲಿಯವರೆಗೆ ತಾಳುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೋಚ್‌ನ ಭಾಷೆಯಲ್ಲೇ ಕೇಳಬಲ್ಲವರು. ಟೇಕಲ್‌ನ ಕಲ್ಲು ಕೆಲಸದ ತಂದೆಗೂ ಮೈಯ ಮಿತಿ ಚೆನ್ನಾಗಿ ಗೊತ್ತು. ಅದನ್ನು ಕೋಚ್ ಎದುರು ಕೇಳುವ ಸ್ಥಾನ ಅವರಿಗಿಲ್ಲ. ನಿಯಮ ಕೊಡಬೇಕಾದದ್ದು ಆ ಸ್ಥಾನವನ್ನು.

ಕೇಳಿಸಿಕೊಳ್ಳದ ಕಠಿಣತೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ ಸಾಕ್ಷಿ. 1978ರ ವಿಶ್ವ ಚಾಂಪಿಯನ್. ಕಾಲು ಮುರಿದು ಪೂರ್ತಿ ಗುಣವಾಗುವ ಮೊದಲೇ, 1980ರ ಮಾಸ್ಕೊ ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ, ಅಪಾಯಕಾರಿ ಪಲ್ಟಿಯೊಂದರ ಅಭ್ಯಾಸದಲ್ಲಿ ಕುತ್ತಿಗೆ ಮುರಿಯಿತು. ಆಗ ಅವರಿಗೆ 20 ವರ್ಷ. 2006ರಲ್ಲಿ ತೀರಿಕೊಳ್ಳುವವರೆಗೆ ಕೈಕಾಲು ಸ್ವಾಧೀನವಿಲ್ಲದೆ ಬದುಕಿದರು. ಆ ಪಲ್ಟಿಯ ಬಗ್ಗೆ ತನಗೆ ಭಯವಿದೆ ಎಂದು ಅವರು ಮೊದಲೇ ಹೇಳಿದ್ದರು. ಈಗಲ್ಲದಿದ್ದರೆ ಇನ್ನಿಲ್ಲ ಎಂಬ ಆತುರ ಅಲ್ಲಿ ಕೆಲಸ ಮಾಡಿತ್ತು. ನಮ್ಮ ಅಕಾಡೆಮಿಗಳಲ್ಲೂ ‘ಹತ್ತರೊಳಗೆ ಬರದಿದ್ದರೆ ಬರೋದೇ ಇಲ್ಲ’ ಎಂಬ ಮಾತು ಹೊಸದಲ್ಲ. ವಾಸ್ತವದಲ್ಲಿ 1997ರಿಂದ ಮಹಿಳೆಯರ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸು 16. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಸಿಮೋನ್ ಬೈಲ್ಸ್‌ಗೆ 27. ಟೋಕಿಯೊದಲ್ಲಿ ಉಜ್ಬೆಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಸ್ಪರ್ಧಿಸಿದ್ದು 46ರಲ್ಲಿ. ಒಂದು ತಿಂಗಳು ಮಣಿಕಟ್ಟಿಗೆ ವಿಶ್ರಾಂತಿ ಕೊಟ್ಟರೆ ಕಳೆದುಹೋಗುವಂಥದ್ದೇನೂ ಇಲ್ಲ.

ಎರಡನೆಯ ಆಕ್ಷೇಪ ಸುಳ್ಳು ದೂರಿನದು. ಇದನ್ನು ತಳ್ಳಿಹಾಕಲಾಗದು. 2014ರ ಜುಲೈಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲಿನ ದೌರ್ಜನ್ಯ ಬೆಳಕಿಗೆ ಬಂದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಪೊಲೀಸರು ಮೊದಲು ಹಿಡಿದದ್ದು ಒಬ್ಬ ಸ್ಕೇಟಿಂಗ್ ಬೋಧಕನನ್ನು. ತನಿಖೆ ಮುಂದುವರಿದಂತೆ ಆರೋಪ ಬೇರೆ ಇಬ್ಬರು ಜಿಮ್ ಬೋಧಕರ ಮೇಲೆ ಬಂತು, ಮೊದಲನೆಯವನ ವಿರುದ್ಧ ಸಾಕ್ಷ್ಯ ಸಿಗಲಿಲ್ಲ. ಆ ಹೊತ್ತಿನ ಆಕ್ರೋಶದಲ್ಲಿ ಅವನ ಹೆಸರು ಊರೆಲ್ಲ ಹರಡಿಯಾಗಿತ್ತು. ಇದರಿಂದ ದೂರಿಗೆ ಅವಕಾಶವೇ ಬೇಡ ಎಂಬ ಪಾಠ ಕಲಿಯುವವರು ತಿರುಗುಮುರುಗಾಗಿ ಯೋಚಿಸುತ್ತಿದ್ದಾರೆ. ಮೊದಲಿನಿಂದಲೂ ಯಾರು ಎಷ್ಟು ಹೊತ್ತಿಗೆ ಯಾವ ಮಗುವಿನ ಜೊತೆ ಇದ್ದರು, ಯಾವ ಪೋಷಕರು ಏನು ಹೇಳಿದ್ದರು, ಅದಕ್ಕೆ ಏನು ಉತ್ತರ ಕೊಡಲಾಯಿತು ಎಂಬ ದಾಖಲೆ ಇರುವ ಸಂಸ್ಥೆಯಲ್ಲಿ ನಿರಪರಾಧಿ ಕೋಚ್‌ಗೆ ಆ ದಾಖಲೆಯೇ ರಕ್ಷಣೆ. ಏನೂ ಬರೆದಿಡದ ಕಡೆ ವದಂತಿಯೇ ತೀರ್ಪು. ಆ ಘಟನೆಯ ನಂತರ ರಾಜ್ಯದ ಶಾಲೆಗಳಿಗೆ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ಕ್ಯಾಮೆರಾ ಮುಂತಾದ ಸೂಚನೆಗಳು ಬಂದವು, 2016ರಲ್ಲಿ ಮಕ್ಕಳ ರಕ್ಷಣಾ ನೀತಿಯೂ ಬಂತು. ಎಲ್ಲವೂ ಶಿಕ್ಷಣ ಸಂಸ್ಥೆಗಳ ಕಾಂಪೌಂಡಿಗೆ ಬಂದು ನಿಂತವು. ಕಾಂಪೌಂಡಿನ ಆಚೆ, ಸಂಜೆ ಐದರ ಮೇಲೆ ಮಗುವಿನ ಜೊತೆ ಇರುವವರಿಗೆ ಅವು ಅನ್ವಯಿಸಲಿಲ್ಲ.

ಗುರುವನ್ನು ಪ್ರಶ್ನಿಸುವುದು ನಮ್ಮ ಸಂಪ್ರದಾಯವಲ್ಲ ಎಂಬ ಮಾತೂ ಬರುತ್ತದೆ. ಹಳೆಯ ಗರಡಿಮನೆಯ ಉಸ್ತಾದರು ಪ್ರಶ್ನೆಗೆ ಸಿಗುತ್ತಿರಲಿಲ್ಲ ನಿಜ, ಆದರೆ ಅವರು ಅದೇ ಬೀದಿಯಲ್ಲಿ ವಾಸಿಸುತ್ತಿದ್ದರು. ಹುಡುಗನ ಭುಜ ಜಾರಿದರೆ ಅವನ ತಾತನಿಗೆ ಸಂಜೆಯೇ ತಿಳಿಯುತ್ತಿತ್ತು, ಮಾರನೆಯ ದಿನ ಅರಳಿಕಟ್ಟೆಯಲ್ಲಿ ಉಸ್ತಾದರು ಮಾತು ಕೇಳಬೇಕಿತ್ತು. ಬರೆದ ನಿಯಮ ಇರಲಿಲ್ಲ, ಊರಿನ ಕಣ್ಣಿತ್ತು. ಐವತ್ತು ಕಿಲೋಮೀಟರಿಗೂ ಆಚೆಯ ನಗರದಲ್ಲಿ, ಗೇಟಿನ ಹಿಂದೆ ನಡೆಯುವ ತರಬೇತಿಗೆ ಊರಿನ ಕಣ್ಣು ತಲುಪುವುದಿಲ್ಲ. ಆ ಕಣ್ಣಿನ ಕೆಲಸವನ್ನು ಕಾಗದ ಮಾಡಬೇಕು. ಕರ್ನಾಟಕಕ್ಕೆ ಇದು ಅಪರಿಚಿತ ವಿಚಾರವೂ ಅಲ್ಲ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. ಅಕ್ಷರ ಬಾರದ ತಾಯಿಯೂ ಸದಸ್ಯೆಯಾಗಿ ಕೂತು ಮುಖ್ಯೋಪಾಧ್ಯಾಯರನ್ನು ಪ್ರಶ್ನೆ ಕೇಳಬಹುದು. ಎಸ್‌ಡಿಎಂಸಿಗಳೆಲ್ಲ ಚೆನ್ನಾಗಿ ನಡೆಯುತ್ತಿವೆ ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ರಾಜಕೀಯವೇ ಜಾಸ್ತಿ. ಆದರೂ ಕೇಳುವ ಹಕ್ಕು ಇದೆ ಎಂಬುದೇ ಮೇಷ್ಟ್ರುಗಳ ನಡೆಯನ್ನು ತಿದ್ದಿದೆ. ಕೋಲಾರದ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಹೆಂಗಸು ಫ್ಯಾಟ್ ಎಷ್ಟು ಬಂತೆಂದು ಕೇಳುತ್ತಾಳೆ, ಕಡಿಮೆ ಬಂದರೆ ಅಲ್ಲೇ ಜಗಳ ತೆಗೆಯುತ್ತಾಳೆ, ಸೆಕ್ರೆಟರಿ ಉತ್ತರ ಕೊಡುತ್ತಾರೆ. ಮೂರು ಲೀಟರ್ ಹಾಲಿಗೆ ಸಿಗುವ ಲೆಕ್ಕ ಮಗಳಿಗೆ ಸಿಗಬಾರದೇ?

ಕೋಚ್‌ಗಳ ಕಡೆಯಿಂದ ಬರುವ ಮಾತಿನಲ್ಲಿ ಬಹಳಷ್ಟು ನಿಜವಿದೆ. ಆರು ತಿಂಗಳಲ್ಲಿ ಪದಕ ಬೇಕೆನ್ನುವ ಪೋಷಕರಿದ್ದಾರೆ. ಮಗು ಮುಂದಿನ ಬ್ಯಾಚಿಗೆ ಹೋಗದಿರುವುದೇ ಅದರ ಕುತ್ತಿಗೆಯನ್ನು ಉಳಿಸಿರುವ ನಿರ್ಧಾರ ಎಂಬುದು ಅವರಿಗೆ ತಿಳಿಯದು. ಹಾಗಿದ್ದರೆ ಅದನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಕೋಚ್‌ಗಳ ಸಂಬಳ ಕಡಿಮೆ, ಗುತ್ತಿಗೆಯ ಬದುಕು ಎಂಬುದೂ ನಿಜ. ಶಾಲೆಗಳ ಸ್ಥಿತಿಯೂ ಭಿನ್ನವಲ್ಲ: ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಬೋಧಕರು ಎನ್ನುತ್ತದೆ, ಅದೂ ಅರೆಕಾಲಿಕ. ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ಸ್ಥಾನಮಾನಕ್ಕೆ ಸಂಬಂಧಿಸಿದ ವೈದ್ಯನಾಥನ್ ವರದಿಯ ಜಾರಿಗಾಗಿ ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ. ಇರುವ ನಾಲ್ಕು ಕೋಚ್‌ಗಳ ಮೇಲೂ ನಿಯಮ ಹೇರಿದರೆ ಅವರೂ ಓಡಿಹೋಗುತ್ತಾರೆ ಎಂಬ ಭಯ ಇಲ್ಲಿಂದ ಹುಟ್ಟಿದ್ದು. ಆದರೆ ನಾನು ಕೇಳುತ್ತಿರುವ ನಿಯಮಕ್ಕೆ ಕೋಚ್ ಜೇಬಿನಿಂದ ಖರ್ಚಿಲ್ಲ. ನೋವೆಂದ ಮಗುವನ್ನು ನಿಲ್ಲಿಸುವುದು, ಪೋಷಕರು ಕೂತು ನೋಡಲು ನಾಲ್ಕು ಕುರ್ಚಿ, ಪ್ರಶ್ನೆಗೆ ವಾರದೊಳಗೆ ಉತ್ತರ: ಇಷ್ಟಕ್ಕೆ ಓಡಿಹೋಗುವ ಕೋಚ್ ಹೋಗಲಿ.

ಹಳ್ಳಿಯ ಶಾಲೆಗೆ ಶೌಚಾಲಯವೇ ಸರಿಯಿಲ್ಲದಾಗ ಜಿಮ್ನಾಸ್ಟಿಕ್ಸ್ ಚರ್ಚೆ ಯಾಕೆ ಎನ್ನುವವರಿಗೆ ಒಂದೇ ಮಾತು. ಟೇಕಲ್‌ನ ಕಬಡ್ಡಿ ಹುಡುಗಿ, ಮುಳಬಾಗಿಲಿನ ಓಟದ ಹುಡುಗ, ಶ್ರೀನಿವಾಸಪುರದ ಭರತನಾಟ್ಯದ ಮಗು, ಎಲ್ಲರೂ ಇದೇ ಕಾನೂನಿನ ಬಿರುಕಿನಲ್ಲಿ ಇದ್ದಾರೆ. ಜಿಮ್ನಾಸ್ಟಿಕ್ಸ್‌ನಲ್ಲಿ ಮಗು ಚಿಕ್ಕದು, ಮೈ ಮುಟ್ಟಿ ಕಲಿಸುವುದು ಹೆಚ್ಚು, ಕೋಚ್ ಅಪರೂಪ. ಆದ್ದರಿಂದ ಬಿರುಕು ಅಲ್ಲಿ ಎದ್ದು ಕಾಣುತ್ತದೆ.

ಸರ್ಕಾರ ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಕ್ರೀಡಾಂಗಣಗಳು, ಸಭಾಂಗಣಗಳು ಅನೇಕ ಕಡೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸ್ವತ್ತು. ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣವೂ ಸಾರ್ವಜನಿಕರದ್ದೇ. ಅಲ್ಲಿ ಮಕ್ಕಳಿಗೆ ತರಬೇತಿ ಕೊಡುವ ಖಾಸಗಿಯವರ ಬಾಡಿಗೆ ಕರಾರಿಗೆ ಒಂದು ಪುಟ ಸೇರಿಸಿದರೆ ಸಾಕು. ಕೋಚ್‌ನ ಅರ್ಹತೆ ಗೋಡೆಯ ಮೇಲೆ, ಪಕ್ಕದಲ್ಲಿ 1098 ಮಕ್ಕಳ ಸಹಾಯವಾಣಿ. ತೂಕ ನೋಡುವುದು ವೈದ್ಯರ ಕೆಲಸ, ಕೋಚ್‌ನದ್ದಲ್ಲ. ಸ್ಟ್ರೆಚಿಂಗ್‌ಗೆ ಮೈ ಮುಟ್ಟುವ ಮೊದಲು ಏನು ಮಾಡಲಿದ್ದೇವೆಂದು ಮಗುವಿಗೂ ಪೋಷಕರಿಗೂ ಹೇಳಬೇಕು. ಪೋಷಕರು ಬರೆಯಲು ಒಂದು ದೂರಿನ ಪುಸ್ತಕ, ಅದರ ಒಂದು ಪ್ರತಿ ತಿಂಗಳಿಗೊಮ್ಮೆ ಇಲಾಖೆಯ ಜಿಲ್ಲಾ ಕಚೇರಿಗೆ. ಸ್ವಂತ ಶೆಡ್ಡಿನಲ್ಲಿ ನಡೆಸುವವರನ್ನು ತಲುಪುವ ದಾರಿಯೂ ಇದೆ: ಈ ಪುಟಕ್ಕೆ ಸಹಿ ಹಾಕದ ಅಕಾಡೆಮಿಯ ಮಕ್ಕಳಿಗೆ ಕ್ರೀಡಾ ಕೋಟಾದ ಪ್ರಮಾಣಪತ್ರ ಎಣಿಕೆಗೆ ಬರುವುದಿಲ್ಲ ಎಂದರೆ, ಪೋಷಕರೇ ಸೇರಿಸುವ ಮೊದಲು ಸಹಿ ಇದೆಯೇ ಎಂದು ಕೇಳುತ್ತಾರೆ. ಇದರಲ್ಲಿ ಈಗಾಗಲೇ ಸೇರಿರುವ ಮಕ್ಕಳಿಗೆ ಅನ್ಯಾಯವಾಗದಂತೆ ಎರಡು ವರ್ಷದ ಗಡುವು ಕೊಡಬೇಕಾಗುತ್ತದೆ. ಮಗುವನ್ನು ಬೇರೆ ಕಡೆಗೆ ಸೇರಿಸಿದರೆ ಹಳೆಯ ಕೋಚ್ ಪ್ರಮಾಣಪತ್ರ, ಅಂಕಪಟ್ಟಿ ತಡೆಹಿಡಿಯುವಂತಿಲ್ಲ ಎಂಬ ಒಂದು ಸಾಲೂ ಅದೇ ಪುಟದಲ್ಲಿ ಇರಲಿ. ಟೇಕಲ್ ಕಡೆಯ ಪೋಷಕರಿಗೆ ಮಿಕ್ಕ ಎಲ್ಲ ಸಾಲುಗಳಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.